ಪೆಟ್ಟು ಕತ್ತಿಗೆ, ಕಷ್ಟ ಉಸಿರಿಗೆ

ತೋಟದಲ್ಲಿ ತೆಂಗಿನಮರದಿಂದ ಬಿದ್ದವರನ್ನ ಎತ್ತಿ ಕೂರಿಸಿ ನೀರು ಕುಡಿಸೋಕೆ ಹೋಗ್ಬೇಡಿ. ತಲೆ, ಕತ್ತು ಅಲುಗಾಡದಂತೆ ಹಿಡ್ಕೊಂಡು 108ಕ್ಕೆ ಫೋನ್ ಮಾಡಿ.

ಯಾಕೆ ಗೊತ್ತಾ? ಕತ್ತಿನ ಮೂಳೆ ಮುರಿದಿದ್ರೆ, ಅಲುಗಿದಾಗ ಒಳಗಿನ ಬೆನ್ನುಹುರಿಗೂ ಏಟಾಗ್ಬಹುದು. ಉಸಿರೆಳೆಯೋ ಮುಖ್ಯ ಸ್ನಾಯು ವಪೆ. ಅದರ ನರ ಹೊರಡೋದು ಕತ್ತಿನಲ್ಲಿ ಬೆನ್ನುಹುರಿಯ 3, 4, 5ನೇ ಮಟ್ಟದಿಂದ. ಅದಕ್ಕೂ ಮೇಲೆ ಬೆನ್ನುಹುರಿ ಪೂರ್ತಿ ಹೋದ್ರೆ ವೆಂಟಿಲೇಟರೇ ಗತಿ.

ಕತ್ತಿನಲ್ಲೇ ಅದಕ್ಕಿಂತ ಕೆಳಗೆ ಪೆಟ್ಟಾದ್ರೆ ಉಸಿರೇನೋ ಆಡುತ್ತೆ, ಗಟ್ಟಿಯಾಗಿ ಕೆಮ್ಮೋಕಾಗಲ್ಲ. ಹೊಟ್ಟೆ ಸ್ನಾಯು ಸೋತಿರುತ್ತಲ್ಲ! ಕಫ ಒಳಗೇ ಕೂತು ನ್ಯುಮೋನಿಯಾ ಆಗ್ಬಹುದು. ಅದಕ್ಕೇ ಫಿಸಿಯೋಥೆರಪಿಸ್ಟ್ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು, ರೋಗಿ ಕೆಮ್ಮೋ ಕ್ಷಣಕ್ಕೆ ಸರಿಯಾಗಿ ಒಳಕ್ಕೆ, ಮೇಲಕ್ಕೆ ಒತ್ತುತ್ತಾರೆ. ಅವರ ಹತ್ರ ಮನೆಯವರೂ ಕಲೀಬಹುದು.

ಇನ್ನೊಂದು ವಿಚಿತ್ರ. ಉಬ್ಬಸದವರನ್ನ ನಾವು ಎಬ್ಬಿಸಿ ಕೂರಿಸ್ತೀವಿ. ಕತ್ತಿಗೆ ಹೀಗೆ ಪೆಟ್ಟಾದವರಲ್ಲಿ ಬಹಳ ಜನಕ್ಕೆ ಅಂಗಾತ ಮಲಗಿದ್ರೇ ಉಸಿರು ಸಲೀಸು! ಕೂತಾಗ ಸೋತ ಹೊಟ್ಟೆ ಜೋತುಬಿದ್ದು ವಪೆಯೂ ಕೆಳಗಿಳಿಯುತ್ತೆ. ವೀಲ್‌ಚೇರ್‌ನಲ್ಲಿ ಕೂರಿಸುವಾಗ ಹೊಟ್ಟೆಗೆ ಅಗಲವಾದ ಬೆಲ್ಟ್ ಕಟ್ಟೋದು ಅದಕ್ಕೇ.