ಹುಲ್ಲು ಕತ್ತರಿಸಲು ಯಾವ ಟ್ರ್ಯಾಕ್ಟರ್?

ಪ್ರಶ್ನೆ: ಅಮೆರಿಕದ ನಮ್ಮ ಮನೆಯ ಸುತ್ತ 3 ಎಕರೆ ಹುಲ್ಲುಹಾಸಿದೆ. ಗಾರ್ಡನ್ ಟ್ರ್ಯಾಕ್ಟರ್ ಸಾಕೇ, ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಬೇಕೇ?

ಉತ್ತರ: ಕೆಲಸ ಹುಲ್ಲು ಕತ್ತರಿಸುವುದಷ್ಟೇ ಆದರೆ ಗಾರ್ಡನ್ ಟ್ರ್ಯಾಕ್ಟರೇ ಸರಿ. ದೊಡ್ಡ ಯಂತ್ರ ತಂದರೆ ಅರ್ಧ ಹೊತ್ತು ಉಳಿಯುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಇಲ್ಲಿ ಮುಖ್ಯವಾದದ್ದು ಅಶ್ವಶಕ್ತಿಗಿಂತ ಹೆಚ್ಚಾಗಿ ಬ್ಲೇಡು ತಿರುಗುವ ಡೆಕ್ಕಿನ ಅಗಲ. ಗಂಟೆಗೆ 4 ಮೈಲಿ ವೇಗದಲ್ಲಿ ನೇರವಾಗಿ ಓಡಿಸಿದರೆ ಗಾರ್ಡನ್ ಟ್ರ್ಯಾಕ್ಟರಿನ 54 ಇಂಚಿನ ಡೆಕ್ಕು ಒಂದು ಗಂಟೆಯಲ್ಲಿ ಸುಮಾರು 2.2 ಎಕರೆ ಮುಗಿಸುತ್ತದೆ, ಕಾಂಪ್ಯಾಕ್ಟಿನ 60 ಇಂಚಿನದು 2.4 ಎಕರೆ. ನಿಮ್ಮ 3 ಎಕರೆಗೆ ಉಳಿತಾಯ ಹೆಚ್ಚೆಂದರೆ 8 ನಿಮಿಷ; ಗಿಡಮರಗಳನ್ನು ಸುತ್ತುವಾಗ ಅದೂ ಕರಗುತ್ತದೆ. ಮೇಲಾಗಿ ಮಳೆ ಬಿದ್ದ ಮರುದಿನ ಭಾರದ ಯಂತ್ರ ತಿರುವು ತೆಗೆದುಕೊಂಡರೆ ಹುಲ್ಲು ಬೇರುಸಹಿತ ಕಿತ್ತು ಬರುತ್ತದೆ, ಚಕ್ರದ ಜಾಡು ಕೆಸರಾಗಿ ಉಳಿಯುತ್ತದೆ, ಅಡಿಯ ಮಣ್ಣು ಗಟ್ಟಿಯಾಗುತ್ತದೆ.

ಕಾಂಪ್ಯಾಕ್ಟಿನ ಡೀಸೆಲ್ ಎಂಜಿನ್ ಹೆಚ್ಚು ಬಾಳುತ್ತದಲ್ಲ ಎನ್ನಬಹುದು. ನಿಜ, ಆದರೆ ವಾರಕ್ಕೆ ಒಂದೆರಡು ಗಂಟೆಯ ಕೆಲಸಕ್ಕೆ ಆ ಬಾಳಿಕೆಯನ್ನು ಅಷ್ಟು ಬೆಲೆ ಕೊಟ್ಟು ಕೊಳ್ಳುವುದು ವ್ಯರ್ಥ. ಇದಕ್ಕಿಂತ ಗಟ್ಟಿಯಾದ ವಾದ ಬೇರೊಂದಿದೆ. ಲೋಡರಿನಲ್ಲಿ ಮಣ್ಣು, ಜಲ್ಲಿ ಎತ್ತುವುದಿದ್ದರೆ, ಆಳೆತ್ತರದ ಹುಲ್ಲು, ಪೊದೆಗಳನ್ನು ಸವರುವುದಿದ್ದರೆ ಕಾಂಪ್ಯಾಕ್ಟೇ ಬೇಕು: ಅದರ ಚೌಕಟ್ಟು ಆ ಭಾರ ತಾಳುತ್ತದೆ, ನಿಮಿಷಕ್ಕೆ 540 ಸುತ್ತು ತಿರುಗುವ ಹಿಂಬದಿಯ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒದಗಿಸುವ ದಂಡ) ದೊಡ್ಡ ಕಟರನ್ನು ನಡೆಸುತ್ತದೆ. ಅಂಥ ಕೆಲಸ ವರ್ಷಕ್ಕೊಮ್ಮೆ ಮಾತ್ರ ಬರುವುದಾದರೆ ಯಂತ್ರವನ್ನು ಬಾಡಿಗೆಗೆ ತನ್ನಿ. ಕೊಳ್ಳುವ ಮೊದಲು ಜಮೀನಿನ ಇಳಿಜಾರನ್ನೂ ಅಳೆಯಿರಿ. 15 ಡಿಗ್ರಿ ಮೀರಿದ ಕಡೆಗೆ ಎರಡರಲ್ಲಿ ಯಾವುದನ್ನೂ ಒಯ್ಯಬೇಡಿ.