ಹತ್ತುವಾಗ ಹತ್ತು ಮಂದಿ, ಇಳಿಯುವಾಗ ಎಷ್ಟು?

ಮಾಗಿ ಚಳಿ ಬಿತ್ತೆಂದರೆ ಕುಕ್ಕೆ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಎರಡು ಬಗೆಯ ಜನ. ಕೆಲವರ ಕೈಯಲ್ಲಿ ಹಣ್ಣುಕಾಯಿ ಚೀಲ, ಹರಕೆಯ ಗಂಟು. ಉಳಿದವರ ಬೆನ್ನಿಗೆ ಚೀಲ, ಕಾಲಿಗೆ ಬೂಟು. ಮೊದಲಿನವರು ದೇವಸ್ಥಾನದತ್ತ ನಡೆದರೆ, ಎರಡನೆಯವರ ಕಣ್ಣೆಲ್ಲ ಊರ ಹಿಂದೆ ಎದ್ದು ನಿಂತ ಕುಮಾರ ಪರ್ವತದ ಮೇಲೆ!

ಮಳೆಗಾಲದ ಜಿಗಣೆ ಕಾಟ ಕಡಿಮೆಯಾಗಿದೆ. ಬೇಸಿಗೆಯ ಬೆಂಕಿ ಭಯ ಇನ್ನೂ ದೂರ. ಬೆಳಿಗ್ಗೆ ಹಿತವಾದ ಚಳಿ, ಮಧ್ಯಾಹ್ನ ಹದವಾದ ಬಿಸಿಲು. ಅಂಗಡಿಗೆ ಒಂದು ದಿನ ಬಾಗಿಲು ಹಾಕಿ ಗೆಳೆಯರೆಲ್ಲ ಹೋಗಿ ಬರೋಣ ಎಂದು ಯಾರಿಗೆ ಅನ್ನಿಸದು? ಹೋಗಲಿ, ಧಾರಾಳವಾಗಿ ಹೋಗಲಿ. ಆದರೆ ಬೆಟ್ಟ ಎಂಥದ್ದು ಎಂದು ಒಮ್ಮೆ ತಿಳಿದು ಹೋಗಲಿ.

ಇದು ನಂದಿ ಬೆಟ್ಟವಲ್ಲ

ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಊರು ತಗ್ಗಿನಲ್ಲಿದೆ. ಎಂದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ದೂರ ಸುಮಾರು 13 ಕಿಲೋಮೀಟರ್. ಹೋಗಿ ಬರಲು 26! ಕಾರು, ಜೀಪು ಯಾವುದೂ ಮೇಲೆ ಹೋಗದು. ರಾತ್ರಿ ಶಿಖರದ ಮೇಲೆ ಗುಡಾರ ಹಾಕಿ ಮಲಗುವುದಕ್ಕೂ ಅಪ್ಪಣೆಯಿಲ್ಲ. ಒಂದೇ ಹಗಲಿನಲ್ಲಿ ಹತ್ತಬೇಕು, ಅದೇ ಹಗಲಿನಲ್ಲಿ ಇಳಿಯಬೇಕು.

ಮೊದಲ ಹಂತ ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಬಿಸಿಲು ನೆಲ ಮುಟ್ಟದು. ಅದು ದಾಟಿದರೆ ಗಿರಿಗದ್ದೆ. ದಶಕಗಳ ಕಾಲ ದಾರಿಹೋಕರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ ಹೆಸರಾದ ‘ಭಟ್ಟರ ಮನೆ’ ಇರುವುದು ಇಲ್ಲೇ. ಅರಣ್ಯ ಇಲಾಖೆಯ ಗೇಟು ಕೂಡ ಹತ್ತಿರದಲ್ಲೇ.

ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು. ನೆರಳೆಂಬ ಮಾತೇ ಇಲ್ಲ. ಚಳಿಗಾಲ ಎಂದು ನೀರು ಕಡಿಮೆ ಒಯ್ದವರ ನಾಲಿಗೆ ಒಣಗುವುದು ಇಲ್ಲಿಯೇ. ಕಲ್ಲುಮಂಟಪ ದಾಟಿ ಶೇಷಪರ್ವತ ಮುಟ್ಟಿದವರು, “ಅಬ್ಬಾ, ಬಂದ್ವಿ” ಎಂದು ಕೂತುಬಿಡುತ್ತಾರೆ. ಬಂದಿಲ್ಲ ಸ್ವಾಮಿ! ಮತ್ತೆ ಒಂದು ಶೋಲಾ ಕಾಡಿಗೆ ಇಳಿದು, ಬಂಡೆ ಹತ್ತಿದರೆ ಮಾತ್ರ ಕುಮಾರ ಪರ್ವತ.

ಎರಡು ದಿನದ ವನವಾಸ

ಇಲ್ಲಿ ಹುಲಿ, ಆನೆಗಿಂತ ಹೆಚ್ಚು ಕಾಡುವುದು ಒಂದು ಮಾತು: “ನೀವು ಮೆಲ್ಲಗೆ ಬನ್ರೋ, ನಾನು ಮುಂದೆ ಹೋಗ್ತಿರ್ತೀನಿ.”

2019ರ ಸೆಪ್ಟೆಂಬರಿನಲ್ಲಿ ಗೆಳೆಯರ ಜೊತೆ ಬಂದ ಬೆಂಗಳೂರಿನ ಯುವಕನೊಬ್ಬ ಇಳಿಯುವಾಗ ಗುಂಪಿನಿಂದ ಬೇರೆಯಾಗಿ ದಾರಿ ತಪ್ಪಿದ. ಹುಡುಕಾಟ ನಡೆಯಿತು. ಮನೆಯವರ ಜೀವ ಬಾಯಿಗೆ ಬಂತು. ಎರಡು ದಿನ ಕಾಡಿನಲ್ಲಿದ್ದವನು ಕೊನೆಗೆ ನೀರಿನ ಪೈಪೊಂದನ್ನು ಕಂಡು, ಅದರ ಜಾಡು ಹಿಡಿದು ತಾನೇ ಕೆಳಗೆ ಬಂದ. ಪೈಪು ಕಣ್ಣಿಗೆ ಬೀಳದಿದ್ದರೆ?

ಗುಂಪು ಎನ್ನುವುದು ಫೋಟೋ ಹೊಡೆಸಿಕೊಳ್ಳಲು ಮಾತ್ರ ಅಲ್ಲ. ಗುಂಪಿನ ಕೆಲಸ ಇರುವುದೇ ಇಳಿಯುವಾಗ. ಕಾಲು ಸೋತಿರುತ್ತದೆ, ನೀರು ಮುಗಿದಿರುತ್ತದೆ, ಬಸ್ಸಿನ ಚಿಂತೆ ಹತ್ತಿರುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗಿದರೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು. ಆಗ ಬಿರುಸಾಗಿ ನಡೆಯುವವನು ಹಿಂದೆ ಉಳಿಯಬೇಕು, ನಿಧಾನಿ ಮುಂದಿರಬೇಕು. ನಿಧಾನಿಯ ಹೆಜ್ಜೆಯೇ ಎಲ್ಲರ ಹೆಜ್ಜೆ. ಬೆಳಿಗ್ಗೆ ಆರಕ್ಕೆ ಹೊರಟು, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಸರಿ, ಹಿಂದಿರುಗುವುದೇ ಜಾಣತನ. ಶಿಖರ ಎಲ್ಲಿಗೂ ಓಡಿಹೋಗದು.

ಗುಂಪು ಬೇರೆ, ಜಾತ್ರೆ ಬೇರೆ

ಇನ್ನೊಂದು ಸಂಗತಿ. 2024ರ ಗಣರಾಜ್ಯೋತ್ಸವದ ರಜೆಗೆ ಇದೇ ಬೆಟ್ಟಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರು. ಕಾಲುದಾರಿಯಲ್ಲಿ ಸಾಲು ನಿಂತ ಚಿತ್ರ ನಾಡೆಲ್ಲ ಹರಿದಾಡಿತು. ಫಲ? ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಕಡೆ ಚಾರಣ ನಿಲ್ಲಿಸಿ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಆಜ್ಞೆ ಹೊರಡಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಆನ್‌ಲೈನ್ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿ ಎಂದು ಗಡಿ ಹಾಕಲಾಯಿತು.

“ಬೆಟ್ಟ ಹತ್ತೋಕೂ ಟಿಕೆಟ್ಟಾ?” ಎಂದು ಗೊಣಗುವವರಿದ್ದಾರೆ. ಇದು ಪುಷ್ಪಗಿರಿ ವನ್ಯಧಾಮ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತುಂಡು. ಕುಕ್ಕೆಯಲ್ಲಿ ಭಕ್ತರು ಮುಳುಗು ಹಾಕುವ ಕುಮಾರಧಾರೆಯ ತವರು ಇದೇ ಬೆಟ್ಟಸಾಲು. ಮೇಲೆ ಬಿಸಾಡಿದ ಬಿಸ್ಕತ್ತಿನ ಕವರು, ನೀರಿನ ಬಾಟಲಿ ಮಳೆಗಾಲದಲ್ಲಿ ಎಲ್ಲಿಗೆ ಬರುತ್ತದೆ ಎಂದು ಬಿಡಿಸಿ ಹೇಳಬೇಕೆ?

ಬೆಟ್ಟ ಮುಚ್ಚಿದರೆ ನಷ್ಟ ಹತ್ತುವವರಿಗೆ ಮಾತ್ರವೇ? ತಿಂಡಿ ಹೋಟೆಲು, ಲಾಡ್ಜು, ಆಟೋ, ನೆಟ್ಟಣದ ರೈಲು ನಿಲ್ದಾಣದಿಂದ ಬಾಡಿಗೆ ಹೊಡೆಯುವ ಜೀಪು, ಎಲ್ಲರ ಗಲ್ಲಕ್ಕೂ ಪೆಟ್ಟು. ಚಳಿಗಾಲದ ನಾಲ್ಕು ಕಾಸು ಅವರಿಗೆ ದೊಡ್ಡದು. ಒಂದು ರಜೆಯ ಗಲಾಟೆಗೆ ಹಲವು ತಿಂಗಳ ವ್ಯಾಪಾರ ಬಲಿಯಾಗುವುದು ಯಾವ ನ್ಯಾಯ?

ಆದ್ದರಿಂದ ಬಸ್ಸು ಹತ್ತುವ ಮುಂಚೆಯೇ ದಾರಿ ತೆರೆದಿದೆಯೇ, ಟಿಕೆಟು ಸಿಕ್ಕಿದೆಯೇ ನೋಡಿ. ಒಬ್ಬೊಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು, ಬುತ್ತಿ, ಒಂದು ಬ್ಯಾಟರಿ ಇರಲಿ. ಒಯ್ದ ಕಸ ಚೀಲದಲ್ಲೇ ವಾಪಸು ಬರಲಿ. ಗಿರಿಗದ್ದೆಯಲ್ಲಿ ಒಮ್ಮೆ ತಲೆ ಎಣಿಸಿ, ಶೇಷಪರ್ವತದಲ್ಲಿ ಒಮ್ಮೆ ಎಣಿಸಿ, ಕಾಡು ಇಳಿದು ಊರು ಮುಟ್ಟಿದಾಗ ಮತ್ತೊಮ್ಮೆ ಎಣಿಸಿ.

ಮೂರು ಸಲವೂ ಲೆಕ್ಕ ಒಂದೇ ಬಂದರೆ ಬೆಟ್ಟ ಗೆದ್ದ ಹಾಗೆ. ಶಿಖರ ಮುಟ್ಟಿದರೂ ಸರಿ, ಮುಟ್ಟದಿದ್ದರೂ ಸರಿ!