ಭೀಮೆಯ ಋತುಗಳೂ ಗಾಳದ ಎರೆಯೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥದಲ್ಲಿ, ರಾಜನೀತಿ, ಪಾಕ, ಸಂಗೀತಗಳ ಜೊತೆಯಲ್ಲಿಯೇ ಗಾಳದ ಬೇಟೆಗೂ ‘ಮತ್ಸ್ಯವಿನೋದ’ವೆಂಬ ಪ್ರಕರಣವೊಂದು ಮೀಸಲಾಗಿದೆ. ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು, ನದಿಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸಿ, ಒಂದಕ್ಕೆ ಎಳ್ಳಿನ ಹಿಟ್ಟಿನ ಉಂಡೆ, ಇನ್ನೊಂದಕ್ಕೆ ಮಾಂಸದ ತುಣುಕು ಎಂದು ಆಯಾ ಮೀನಿನ ಸ್ವಭಾವಕ್ಕೆ ತಕ್ಕ ಆಹಾರವನ್ನು ವಿಧಿಸಿರುವ ಆ ಪ್ರಕರಣವನ್ನು ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು. ಆ ಅರಸನ ಕಲ್ಯಾಣಕ್ಕೂ ಭೀಮೆಯ ಸೀಮೆಯಾದ ಅಫಜಲಪುರ ತಾಲೂಕಿನ ಅತನೂರಕ್ಕೂ ನಡುವೆ ಇರುವುದು ಆಳಂದದ ಸೀಮೆಯಷ್ಟೆ. ಅರಸನು ಬರೆದಿಟ್ಟ ಈ ವಿದ್ಯೆಯನ್ನು ಭೀಮಾತೀರದ ಅಂಬಿಗರೂ ಕಬ್ಬಲಿಗರೂ ಅವನಿಗಿಂತ ಮೊದಲೇ ಬಲ್ಲವರಾಗಿದ್ದಿರಬೇಕೆಂದು ಊಹಿಸುವುದರಲ್ಲಿ ನನಗೆ ಸಂಕೋಚವಿಲ್ಲ.

ಗಾಳ ಹಿಡಿದವನು ಎರೆಯ ಡಬ್ಬಿಯನ್ನು ತೆರೆಯುವ ಮುನ್ನ ನೀರನ್ನು ನೋಡತಕ್ಕದ್ದು. ಮೀನಿನ ಮೈಯ ಉಷ್ಣತೆಯು ಸುತ್ತಲ ನೀರಿನ ಉಷ್ಣತೆಯನ್ನೇ ಅನುಸರಿಸುವುದರಿಂದ, ಅದರ ಹಸಿವೆ, ಪಚನ, ಚಲನವಲನಗಳೆಲ್ಲವೂ ಋತುವಿನೊಡನೆ ಏರಿಳಿಯುತ್ತವೆ. ಅದರ ಮೇಲೆ ಪ್ರಾಣವಾಯುವಿನ ಪ್ರಶ್ನೆಯೊಂದುಂಟು: 20 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದಾದರೆ, 30 ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲುದು. ಹೀಗಾಗಿ ಮೈ ಹೆಚ್ಚು ಉಸಿರನ್ನು ಬೇಡುವ ಬೇಸಿಗೆಯಲ್ಲಿಯೇ ನೀರಿನಲ್ಲಿ ಉಸಿರು ಕಡಿಮೆಯಾಗುತ್ತದೆ.

ಕಲಬುರಗಿ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುವ ವೈಶಾಖದಲ್ಲಿ ಭೀಮೆಯ ಹರಿವು ಕ್ಷೀಣಿಸಿ, ಅಲ್ಲಲ್ಲಿ ಮಡುಗಳಾಗಿ ನಿಲ್ಲುತ್ತದೆ. ಆಗ ರೋಹು, ಕಾಟ್ಲಾ ಮೀನುಗಳು ನಸುಕಿನಲ್ಲಿಯೂ ಸಂಜೆಯ ತಂಪಿನಲ್ಲಿಯೂ ಮಾತ್ರ ಮೇವಿಗೆ ಹೊರಟು, ಹಗಲೆಲ್ಲ ಆಳದ ನೆರಳಿನಲ್ಲಿ ಕಾಲ ಕಳೆಯುತ್ತವೆ. ಆದರೆ ಕೊರವ ಮೀನಿಗೆ ಈ ಕಷ್ಟವಿಲ್ಲ. ಅದು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲುದಾದುದರಿಂದ, ಜೊಂಡು ಬೆಳೆದ ಬಿಸಿನೀರಿನ ಅಂಚಿನಲ್ಲಿಯೂ ಬೇಟೆಗೆ ಹೊಂಚುತ್ತಿರುತ್ತದೆ. ಈಗಿನ ತರುಣರು ಅಂಗಡಿಯಿಂದ ತರುವ ರಬ್ಬರಿನ ಕಪ್ಪೆಗೆ ತಕ್ಕ ಕಾಲ ಇದು. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಎರಡು ಗೇಣು ಎಳೆದು, ತಡೆದು, ಮತ್ತೆ ಎಳೆದಾಗ, ನೀರು ಒಮ್ಮೆಲೆ ಒಡೆದು ಮೀನು ಎರಗುತ್ತದೆ. ಆ ಕ್ಷಣಕ್ಕೇ ಕೋಲನ್ನು ಸೆಳೆದವನಿಗೆ ಬರಿಯ ಕಪ್ಪೆ ದೊರೆಯುತ್ತದೆ. ಮೀನು ಕಪ್ಪೆಯನ್ನು ಬಾಯೊಳಗೆ ಎಳೆದುಕೊಂಡು ನೀರಿನಡಿ ತಿರುಗಿದ ಮೇಲೆ ಸೆಳೆದರೆ ಕೊಕ್ಕೆ ನಾಟುತ್ತದೆ.

ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದು ‘ಹೊಸ ನೀರು ಬಂತು’ ಎಂಬ ಮಾತು ದಂಡೆಯ ಊರುಗಳಲ್ಲಿ ಹರಡಿದೊಡನೆ ಎಲ್ಲವೂ ಬದಲಾಗುತ್ತದೆ. ಎರೆಮಣ್ಣು ಕರಗಿ ಕದಡಿದ ಆ ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲದುದರಿಂದ, ಮಿನುಗುವ ಕೃತಕ ಎರೆಗಳೆಲ್ಲ ನಿಷ್ಪ್ರಯೋಜಕವಾಗಿ, ವಾಸನೆಯೂ ಕಂಪನವೂ ಮಾತ್ರ ಮೀನಿಗೆ ದಾರಿ ತೋರುತ್ತವೆ. ಮೀಸೆಯಿಂದಲೇ ಮೇವನ್ನು ತಡವಿ ಅರಿಯುವ ಬಾಳೆ ಮೀನು, ಚೇಳುಮೀನುಗಳಿಗೆ ಇದು ಸುಗ್ಗಿ. ಅವು ಪ್ರವಾಹದ ರಭಸವನ್ನು ತಪ್ಪಿಸಿಕೊಂಡು ದಂಡೆಯ ಮಗ್ಗುಲಿಗೆ, ಹಳ್ಳಗಳು ಕೂಡುವ ಬಾಯಿಗೆ ಬರುವುದರಿಂದ, ನಡುಹೊಳೆಗೆ ದಾರವನ್ನು ಬೀಸುವ ಶ್ರಮವೇ ಬೇಕಿಲ್ಲ. ತಿಪ್ಪೆಯ ಮಗ್ಗುಲಲ್ಲಿ ಅಗೆದು ತಂದ ಎರೆಹುಳುಗಳಲ್ಲಿ ಎರಡು ಮೂರನ್ನು ಒಂದೇ ಕೊಕ್ಕೆಗೆ ಏರಿಸಿ, ಬಾಲಗಳು ಹೊರಗೆ ಹೊರಳಾಡುವಂತೆ ಬಿಟ್ಟು, ಬೆಂಡನ್ನು ತೆಗೆದು, ಭಾರವಾದ ಸೀಸದ ಗುಂಡಿನಿಂದ ತಳಕ್ಕೆ ಇಳಿಸಿದರೆ ಸಾಕು.

ಗೆಂಡೆ ಜಾತಿಯ ಮೀನುಗಳ ಮಾತು ಬೇರೆ. ರೋಹು, ಕಾಟ್ಲಾ, ಮೃಗಾಲಗಳು ಇದೇ ಹೊಸ ನೀರಿನಲ್ಲಿ ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ. ಆ ಕಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದು ಬಿತ್ತನೆಯ ಬೀಜವನ್ನು ಕುಟ್ಟಿ ತಿಂದಂತೆ. ಸಿಕ್ಕಿದರೂ ಅದನ್ನು ಹೊಳೆಗೇ ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಸ್ತಾ, ಚಿತ್ತಾ ಮಳೆಗಳು ಹಿಂದಾಗಿ, ಹೊಲದಲ್ಲಿ ಹಿಂಗಾರಿ ಜೋಳ ಮೊಳೆಯುವ ಹೊತ್ತಿಗೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಗಾಳಗಾರನಿಗೆ ವರುಷದಲ್ಲೆಲ್ಲ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮೀನಿಗೆ ಈಗ ಕಣ್ಣು ಬಂದಿದೆ, ಹಸಿವೆಯೂ ಇದೆ. ಹೊಳೆಯುತ್ತ ತಿರುಗುವ ಲೋಹದ ಚಮಚದಂಥ ಎರೆ, ಸಣ್ಣ ಮೀನನ್ನೇ ಹೋಲುವ ಎರೆ, ಎರಡೂ ಫಲಿಸುತ್ತವೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಭಾರತದ ಗಾಳವಿದ್ಯೆಯನ್ನು ಕುರಿತು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಸತ್ತ ಸಣ್ಣ ಮೀನನ್ನು ನೀರಿನಲ್ಲಿ ತಿರುಗುವಂತೆ ಎಳೆದು ಮಹಶೀರನ್ನು ಕೆಣಕುವ ಕ್ರಮವನ್ನು ವಿವರಿಸಿದರು. ಕರ್ನಲ್ ಸೈಕ್ಸ್ 1839ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದ ದಖನ್ನಿನ ಮಹಶೀರು ದೊರೆತದ್ದು ಪುಣೆಯ ಬಳಿಯ ಮುಳಾ-ಮುಠಾದಲ್ಲಿ. ಆ ನೀರು ಬಂದು ಸೇರುವುದು ನಮ್ಮ ಭೀಮೆಯನ್ನೇ.

ಮಾಗಿಯ ಚಳಿಯಲ್ಲಿ ಮೀನು ಜಡವಾಗುತ್ತದೆ. ದೊಡ್ಡ ಎರೆಯನ್ನು ಬೆನ್ನಟ್ಟುವ ಉತ್ಸಾಹ ಅದಕ್ಕಿರದುದರಿಂದ, ಚಿಕ್ಕ ಕೊಕ್ಕೆ, ಸಣ್ಣ ದಾರ, ಕಡಲೆಕಾಳಿನಷ್ಟು ಹಿಟ್ಟಿನ ಉಂಡೆ ಇವೇ ಸರಿ. ಹೊತ್ತೂ ನಸುಕಿನದಲ್ಲ, ಬಿಸಿಲೇರಿದ ಮಧ್ಯಾಹ್ನದ್ದು. ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಪುಡಿ ಮಾಡಿದ ಶೇಂಗಾ ಹಿಂಡಿಯನ್ನು ಬೆರೆಸಿ, ಬೆರಳಿಗೆ ಅಂಟದಷ್ಟು ನಾದಬೇಕು. ಮೆತ್ತಗಾದರೆ ಬೀಸುವಾಗಲೇ ಉದುರುತ್ತದೆ, ಗಟ್ಟಿಯಾದರೆ ನೀರಿನಲ್ಲಿ ವಾಸನೆಯನ್ನು ಬಿಡುವುದಿಲ್ಲ. ಸೋಮೇಶ್ವರನ ಎಳ್ಳಿನ ಉಂಡೆಗೆ ಇದು ವಂಶಜನೆನ್ನಬಹುದು. ಶೇಂಗಾ ಮಾತ್ರ ಅವನ ಶತಮಾನಗಳ ಅನಂತರ ದಕ್ಷಿಣ ಅಮೆರಿಕದಿಂದ ಬಂದ ಬೆಳೆ.

ಇಷ್ಟೆಲ್ಲ ಹೇಳಿದ ಮೇಲೂ, ಭೀಮೆಯ ಋತುವನ್ನು ಪಂಚಾಂಗವೊಂದರಿಂದಲೇ ನಿರ್ಣಯಿಸಲಾಗದು. ಅದರ ಉಗಮ ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅದರ ಬೀಗದಕೈ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ. ಇತ್ತ ಸೊನ್ನದ ಬ್ಯಾರೇಜು ಹರಿವ ಹೊಳೆಯನ್ನು ನಿಂತ ಹಿನ್ನೀರಾಗಿ ಮಾಡಿದೆ. ಅತನೂರದ ಮೇಲೆ ಒಂದು ಹನಿಯೂ ಬೀಳದ ದಿನ ಗಾಣಗಾಪುರದ ಸಂಗಮದಲ್ಲಿ ನೀರೇರುವುದುಂಟು. 2020ರ ಅಕ್ಟೋಬರಿನಲ್ಲಿ, ನೀರು ತಿಳಿಯಾಗಬೇಕಾದ ಕಾಲದಲ್ಲಿಯೇ, ಮಹಾಪೂರವು ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳನ್ನು ಮುಳುಗಿಸಿತು. ಆದುದರಿಂದ ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದ ದಿನ, ತಿಂಗಳು ಯಾವುದೇ ಇರಲಿ, ಮಿನುಗುವ ಎರೆಯನ್ನು ಚೀಲಕ್ಕೆ ಸೇರಿಸಿ ಎರೆಹುಳುವನ್ನೇ ಹಿಡಿಯಬೇಕು. ನೀರಿನಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟು, ಅದರ ಬುಡ ಮುಳುಗತೊಡಗಿದರೆ ದಾರವನ್ನು ಸುತ್ತಿಕೊಂಡು ಮೇಲಿನ ದಂಡೆಗೆ ಹತ್ತಬೇಕು.